ಮಳೆ ಕೈಕೊಟ್ಟರೆ ದುಡ್ಡು ಎಲ್ಲಿಂದ? ಬರ ಪರಿಹಾರ, ಬೆಳೆ ವಿಮೆ, ಕೃಷಿ ಹೊಂಡದ ಲೆಕ್ಕ

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಬೆಳೆ ಹೋದ ವರ್ಷ ಗೊಬ್ಬರದಂಗಡಿಯಿಂದ ಹಿಡಿದು ಬಟ್ಟೆ ಅಂಗಡಿವರೆಗೆ ಎಲ್ಲರ ಉದ್ರಿ ಪುಸ್ತಕವೂ ದಪ್ಪ ಆಗುತ್ತೆ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳೋದು ಅಂದರೆ ದೊಡ್ಡವರ ಮಾತು ಅನಿಸಬಹುದು. ಬಯಲುಸೀಮೆಯಲ್ಲಿ ಅದರ ಪ್ರಶ್ನೆ ಒಂದೇ: ಮಳೆ ತಪ್ಪಿದ ವರ್ಷದ ಖರ್ಚು ಯಾರ ತಲೆ ಮೇಲೆ?

ಬಡ ದೇಶಗಳಿಗೆ 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸ್ತೀವಿ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟಿದ್ದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಹೊಂದಿಕೊಳ್ಳೋ ಕೆಲಸಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಹಾಗಾಗಿ ನಮ್ಮ ಕೈಗೆ ಸಿಗೋ ದಾರಿಗಳನ್ನೇ ನೋಡೋಣ.

ಬರ ಪರಿಹಾರ

ಇದು ನಷ್ಟ ಭರ್ತಿ ಅಲ್ಲ, ಮುಂದಿನ ಬಿತ್ತನೆಗೆ ಕೊಡೋ ಸಹಾಯ. 2023ರ ಬರದ ಹೊತ್ತಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ ಇಳಿಸಿದರೆ ರಾಗಿ ಹೊಲಕ್ಕೆ ಸುಮಾರು 3,440 ರೂ. ಅದು ಬರೋದೂ ತಡ. ರಾಜ್ಯ 18,171 ಕೋಟಿ ಕೇಳಿ ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಕೇಂದ್ರ ಸುಮಾರು 3,454 ಕೋಟಿ ಕೊಟ್ಟಿದ್ದು 2024ರ ಏಪ್ರಿಲ್ ಕೊನೆಗೆ. ಅಷ್ಟೊತ್ತಿಗೆ ಮುಂದಿನ ಮುಂಗಾರು ಹತ್ತಿರ ಬಂದಿತ್ತು.

ಬೆಳೆ ವಿಮೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಇದೆ. ರೈತರ ವಂತಿಗೆ ವಿಮಾ ಮೊತ್ತದ ಮೇಲೆ ಮುಂಗಾರು ಬೆಳೆಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಉಳಿದಿದ್ದನ್ನು ಸರ್ಕಾರಗಳು ಕಟ್ಟುತ್ತವೆ. 2020ರಿಂದ ಬೆಳೆ ಸಾಲ ಪಡೆದವರಿಗೂ ಇದು ಕಡ್ಡಾಯ ಅಲ್ಲ.

ಜನ ಎಡವೋದು ಇಲ್ಲಿ: ವಿಮೆ ಸಾಮಾನ್ಯವಾಗಿ ನಿಮ್ಮ ಹೊಲ ನೋಡಲ್ಲ, ಊರು ನೋಡುತ್ತೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿಯೇ ಒಂದು ಘಟಕ. ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೀತಾರೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಹೆಕ್ಟೇರಿಗೆ ವಿಮಾ ಮೊತ್ತ 40,000, ನೀವು ಕಟ್ಟಿದ್ದು 800. ಖಾತರಿ ಇಳುವರಿ 10 ಕ್ವಿಂಟಲ್, ಪಂಚಾಯಿತಿಯಲ್ಲಿ ಬಂದಿದ್ದು 6. ಕೊರತೆ ಶೇ. 40, ಪರಿಹಾರ 16,000. ಅದೇ ಪಂಚಾಯಿತಿ ಸರಾಸರಿ 10 ದಾಟಿ, ನಿಮ್ಮ ಹೊಲದಲ್ಲಿ ಮಾತ್ರ ಏನೂ ಬರದಿದ್ದರೆ ಸೊನ್ನೆ. ಮೋಸ ಆಯ್ತು ಅನ್ನೋ ಮುಂಚೆ ಇದನ್ನ ತಿಳಿದಿರಬೇಕು.

ನಿಮ್ಮ ಹೊಲವನ್ನೇ ನೋಡೋ ಸಂದರ್ಭವೂ ಇದೆ. ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಮಳೆ ಇಲ್ಲದೆ ಘಟಕದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ. 25 ಬರುತ್ತೆ, ಅಲ್ಲಿಗೆ ಆ ಪಾಲಿಸಿ ಮುಗೀತು.

ಇನ್ನೊಂದು. ವಿಮೆ ಕಟ್ಟಿದ ಬೆಳೆ, ಬೆಳೆ ಸಮೀಕ್ಷೆಯಲ್ಲಿರೋ ಬೆಳೆ ಒಂದೇ ಇರಬೇಕು. ರಾಗಿಗೆ ಕಟ್ಟಿ ಕಡಲೆಕಾಯಿ ಬಿತ್ತಿದರೆ ಅರ್ಜಿ ತಿರಸ್ಕಾರ ಆಗಬಹುದು. ಬೆಳೆ ದರ್ಶಕ್ ಆ್ಯಪ್‌ನಲ್ಲಿ ಸಮೀಕ್ಷೆ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ.

ಕೃಷಿ ಹೊಂಡ

2014-15ರಲ್ಲಿ ಶುರುವಾದ ಕೃಷಿ ಭಾಗ್ಯದಲ್ಲಿ ಹೊಂಡ, ತಾಡಪಾಲು, ಪಂಪ್‌ಸೆಟ್, ತುಂತುರು ನೀರಾವರಿಗೆ ಸಹಾಯಧನ ಇದೆ. 12 ಮೀಟರ್ ಉದ್ದ, 12 ಅಗಲ, 3 ಆಳದ ಹೊಂಡದಲ್ಲಿ ಇಳಿಜಾರು ಕಳೆದರೆ ಎರಡೂವರೆ ಲಕ್ಷ ಲೀಟರ್ ಆಸುಪಾಸು ನಿಲ್ಲುತ್ತೆ. ಒಂದು ಎಕರೆಗೆ ಒಂದಿಂಚು ನೀರು ಕೊಡಲು ಲಕ್ಷ ಲೀಟರ್ ಬೇಕು. ಅಂದರೆ ಎರಡು ಎಕರೆ ರಾಗಿ ತೆನೆ ಬಿಡೋ ಹೊತ್ತಿಗೆ ಒಂದು ಸಲ ಬದುಕಿಸಬಹುದು, ಅಷ್ಟೇ. ಅಡಿಕೆ ತೋಟ ಕನಸು ಕಾಣಬೇಡಿ. ಆದರೆ ಆ ಒಂದು ನೀರಿಲ್ಲದೆ ಇಡೀ ಬೆಳೆ ಹೋಗೋ ವರ್ಷಗಳು ನಮ್ಮ ಕಡೆ ಕಮ್ಮಿ ಇಲ್ಲ.

ಹೊಂಡಕ್ಕೆ ಜಾಗವೂ ಬೇಕು. 21 ಮೀಟರ್ ಚೌಕದ ಹೊಂಡ ನಾಲ್ಕು ಗುಂಟೆಗೂ ಜಾಸ್ತಿ ತಿನ್ನುತ್ತೆ. ಒಂದೇ ಎಕರೆ ಇರೋರಿಗೆ ಅದು ಹತ್ತನೇ ಒಂದು ಭಾಗ. ಹೂಳು ತೆಗೆಸೋದು, ಹರಿದ ತಾಡಪಾಲು ಬದಲಿಸೋದು ನಿಮ್ಮ ಖರ್ಚು. ಬೇಲಿ ಮಾತ್ರ ಬಿಡಬೇಡಿ, ಮಕ್ಕಳು ಬಿದ್ದ ಸುದ್ದಿ ಬರೆದು ಸಾಕಾಗಿದೆ. ಸಹಾಯಧನ ಯಾವಾಗ ಖಾತೆಗೆ ಬರುತ್ತೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಜೆಸಿಬಿ ಕರೆಸಿ.

ಬಾಯಿಮಾತಿನಲ್ಲಿ ಗುತ್ತಿಗೆಗೆ ಹೊಲ ಮಾಡೋರಿಗೆ ಈ ಮೂರರಲ್ಲೂ ತೊಂದರೆ. ದುಡ್ಡು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತೆ, ಬೀಜ ಗೊಬ್ಬರದ ಉದ್ರಿ ಮಾತ್ರ ಉತ್ತವನ ಹೆಸರಲ್ಲೇ ಇರುತ್ತೆ. ಪರಿಹಾರ ಬಂದ ಮೇಲೆ ಬಾಕಿ ಕೊಡ್ತೀನಿ ಅಂತ ಹೇಳಿಸಿಕೊಂಡಿರೋ ಅಂಗಡಿಯವರು, ಆ ಪರಿಹಾರ ಯಾರ ಖಾತೆಗೆ ಬರೋದು ಅಂತ ಮೊದಲೇ ಕೇಳಿಕೊಳ್ಳಿ. ವಿಮೆ ಕಟ್ಟುವಾಗ ಕೊಡೋ ಅರ್ಜಿ ಸಂಖ್ಯೆಯ ಚೀಟಿ ಜೋಪಾನ. ಕೊನೆ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ ಇರುತ್ತೆ, ಬ್ಯಾಂಕ್, ಗ್ರಾಮ ಒನ್ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.