ಲ್ಯಾಬ್ ಕಥೆ, ಭಾಗ 4: ವೈರಸ್ಸನ್ನೇ ಗಾಳ ಮಾಡಿದ ಮೇಷ್ಟ್ರು

ಫೇಜ್ ಡಿಸ್‌ಪ್ಲೇ ಯಾಕೆ ಕಂಡುಹಿಡಿದರು ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲಿ ಮುಕ್ಕಾಲು ಜನ "ಆಂಟಿಬಾಡಿ ಔಷಧಿಗೆ" ಅಂತ ಬರೀತೀವಿ. ನಾನೂ ಹಾಗೇ ಬರೆದಿದ್ದೆ. ತಪ್ಪು. ಔಷಧಿ ಬಂದಿದ್ದು ಎಷ್ಟೋ ವರ್ಷ ಆದಮೇಲೆ.

1980ರ ದಶಕದ ಶುರು ಅಂದ್ಕೊಳ್ಳಿ. ನಿಮ್ಮ ಹತ್ತಿರ ಒಂದು ಪ್ರೋಟೀನ್ ಇದೆ, ಅದನ್ನ ಹಿಡಿಯೋ ಆಂಟಿಬಾಡಿನೂ ಇದೆ. ಆದರೆ ಅದರ ಜೀನ್ ಯಾವುದು ಅಂತ ಗೊತ್ತಿಲ್ಲ. ಡಿಎನ್‌ಎ ತುಂಡುಗಳನ್ನ ಬ್ಯಾಕ್ಟೀರಿಯಾಗೆ ಸೇರಿಸಿ, ಪ್ಲೇಟ್ ಮೇಲೆ ಪ್ಲೇಟ್ ಹುಡುಕ್ತಾ ಕೂರಬೇಕು. ಪ್ರೋಟೀನ್ ಗುರುತು ಸಿಗತ್ತೆ, ಅದನ್ನ ಕಾಪಿ ಮಾಡೋಕಾಗಲ್ಲ. ಡಿಎನ್‌ಎ ಕಾಪಿ ಆಗತ್ತೆ, ಅದರ ಗುರುತು ಆಂಟಿಬಾಡಿಗೆ ಸಿಗಲ್ಲ. ಎರಡನ್ನೂ ಒಟ್ಟಿಗೆ ಕಟ್ಟೋದು ಹೇಗೆ?

ಮಿಸೌರಿ ವಿಶ್ವವಿದ್ಯಾಲಯದ ಜಾರ್ಜ್ ಸ್ಮಿತ್ ಆಗ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ರಾಬರ್ಟ್ ವೆಬ್‌ಸ್ಟರ್ ಅವರ ಲ್ಯಾಬಿಗೆ ಒಂದು ವರ್ಷದ ಮಟ್ಟಿಗೆ ಬಂದಿದ್ದರು. ಅಲ್ಲಿ ಕೆಲಸ ನಡೀತಿದ್ದದ್ದು ದಾರದ ಹಾಗಿರೋ ಫೇಜ್‌ಗಳ ಮೇಲೆ. ಬ್ಯಾಕ್ಟೀರಿಯಾ ಒಳಗೆ ಸೇರಿ, ಅದನ್ನ ಕೊಲ್ಲದೇ ಮರಿ ಹಾಕೋ ವೈರಸ್ ಇವು. ತುದಿಯಲ್ಲಿ ಪಿ3 ಅನ್ನೋ ಪ್ರೋಟೀನಿನ ನಾಲ್ಕೈದು ಪ್ರತಿ ಇರತ್ತೆ. ಸ್ಮಿತ್ ಆ ಪಿ3 ಜೀನಿನ ನಡುವೆ ಇಕೋ ಆರ್ ಒನ್ ಎಂಜೈಮಿನ (ಹೌದು, ಪ್ರಾಕ್ಟಿಕಲ್‌ನಲ್ಲಿ ಡಿಎನ್‌ಎ ಕತ್ತರಿಸೋಕೆ ಬಳಸ್ತೀವಲ್ಲ, ಅದೇ) ಜೀನಿನ ಒಂದು ತುಂಡು ತೂರಿಸಿದರು. ಫೇಜ್ ಮೈಮೇಲೆ ಆ ಎಂಜೈಮಿನ ತುಂಡು, ಹೊಟ್ಟೆಯೊಳಗೆ ಅದರ ಜೀನ್!

ಆಮೇಲೆ ಆಂಟಿಬಾಡಿ ಅಂಟಿಸಿದ ತಟ್ಟೆಗೆ ಮಾಮೂಲಿ ಫೇಜ್ ಜೊತೆ ಇವನ್ನೂ ಸುರಿದರು. ತೊಳೆದರು. ಅಂಟಿಕೊಂಡು ಉಳಿದದ್ದನ್ನ ಬಿಡಿಸಿಕೊಂಡು ನೋಡಿದರೆ, ಬೇಕಾದ ಫೇಜ್‌ಗಳ ಪ್ರಮಾಣ 1000 ಪಟ್ಟಿಗಿಂತ ಹೆಚ್ಚು ಏರಿತ್ತು. ಹೀಗೆ ಸಿಕ್ಕ ಫೇಜನ್ನ ಬ್ಯಾಕ್ಟೀರಿಯಾಗೆ ಬಿಟ್ಟರೆ ಸಾಕು, ತಾನೇ ಕೋಟಿಗಟ್ಟಲೆ ಆಗತ್ತೆ. ಈ ಸೋಸೋ ಕೆಲಸಕ್ಕೆ ಆಮೇಲೆ ಬಯೋಪ್ಯಾನಿಂಗ್ ಅಂತ ಹೆಸರು ಬಿತ್ತು. ಹೊಳೆ ಮರಳು ತೊಳೆದು ಚಿನ್ನ ಹುಡುಕ್ತಾರಲ್ಲ, ಆ ಪ್ಯಾನಿಂಗ್.

ಇದನ್ನೇ ತಿರುಗಿಸಿ ನೋಡಿ. ಬೇರೆ ಬೇರೆ ಪೆಪ್ಟೈಡ್ ಹೊತ್ತ ಕೋಟಿಗಟ್ಟಲೆ ಫೇಜ್‌ಗಳಲ್ಲಿ ನಿಮ್ಮ ಪ್ರೋಟೀನಿಗೆ ಅಂಟೋದನ್ನ ಆರಿಸ್ಕೊಳ್ಳಿ. ಅದರ ಡಿಎನ್‌ಎ ಓದಿ, ಅದೇ ಪೆಪ್ಟೈಡ್ ಮಾಡಿ, ಸಣ್ಣ ಮಣಿಗಳಿಗೆ ಅಂಟಿಸಿ. ಮೇಲಿಂದ ರಕ್ತದ ಸೀರಮ್ ಹರಿಸಿದರೆ ಸಾವಿರಾರು ಪ್ರೋಟೀನುಗಳ ನಡುವಿಂದ ನಿಮಗೆ ಬೇಕಾದದ್ದು ಮಾತ್ರ ಮಣಿಗೆ ಸಿಕ್ಕಿಬೀಳತ್ತೆ. ಅಪ್ಪಟವಾಗಿ ಸಿಗತ್ತೆ ಅಂತಲ್ಲ, ಒಂದಿಷ್ಟು ಬೇಡದ್ದೂ ಅಂಟತ್ತೆ. ತೊಳೆಯೋದ್ರಲ್ಲೇ ಇರೋದು ಕೈಚಳಕ.

1990ರಲ್ಲಿ ಕೇಂಬ್ರಿಡ್ಜ್‌ನ ಗ್ರೆಗ್ ವಿಂಟರ್ ತಂಡ ಫೇಜ್ ಮೇಲೆ ಆಂಟಿಬಾಡಿ ತುಂಡು ಕೂರಿಸಿತು. 2002ರಲ್ಲಿ ಅಡಾಲಿಮುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. 2018ರಲ್ಲಿ ಇಬ್ಬರಿಗೂ ನೊಬೆಲ್. ಆ ಕಥೆ ಮುಂದಿನ ಭಾಗಕ್ಕೆ.

ಅಲ್ಲಿವರೆಗೆ ಸ್ಮಿತ್ ಅವರ 1985ರ ಪೇಪರ್ ಓದಿ. ಮೂರೇ ಪುಟ, ಲೇಖಕರು ಒಬ್ಬರೇ. ಸಾರಾಂಶದ ಕೊನೆಯಲ್ಲಿ ಅವರು ಇಟ್ಟ ಆಸೆ ಇಷ್ಟೇ: ಆಂಟಿಬಾಡಿ ಕೈಲಿದ್ದರೆ ಜೀನ್ ಹುಡುಕೋಕೆ ಇದು ಸುಲಭದ ದಾರಿ ಆಗಬಹುದು.