ಹಬೆಯಲ್ಲಿ ಪ್ಲಾಸ್ಟಿಕ್: ಇಡ್ಲಿ ತಟ್ಟೆಯಿಂದ ಕಗ್ಗದಾಸಪುರದ ಪಾರ್ಸಲ್‌ವರೆಗೆ

2025ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳ ಅಡುಗೆಮನೆ ಹೊಕ್ಕು ಇಡ್ಲಿ ಪಾತ್ರೆಯ ಮುಚ್ಚಳ ತೆಗೆಸಿ ನೋಡಿದರು. ಸುಮಾರು 250 ಕಡೆ ನಡೆದ ತಪಾಸಣೆಯಲ್ಲಿ 52 ಕಡೆ ಹತ್ತಿಬಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಫೆಬ್ರುವರಿ 27ರಂದು ಪ್ರಕಟಿಸಿದರು. ಬಿಸಿ ಆಹಾರ ಮತ್ತು ಪ್ಲಾಸ್ಟಿಕ್‌ನ ನಂಟು ಕರ್ನಾಟಕದಲ್ಲಿ ಬೀದಿಬದಿಯ ಚರ್ಚೆಯಾದದ್ದು ಆಗಲೇ.

ಬಟ್ಟೆ ಹೋಗಿ ಹಾಳೆ ಬಂದದ್ದಕ್ಕೆ ಕಾರಣ ದುಡಿಮೆಯಲ್ಲಿದೆ. ಹಿಟ್ಟು ಅಂಟಿದ ಬಟ್ಟೆಯನ್ನು ಪ್ರತಿದಿನ ಒಗೆದು, ಕುದಿಸಿ, ಒಣಗಿಸಬೇಕು. ಹಳತಾದಂತೆ ಇಡ್ಲಿ ಕಚ್ಚಿಕೊಳ್ಳುತ್ತದೆ. ಬೆಳಗಿನ ನೂಕುನುಗ್ಗಲಲ್ಲಿ ಹಾಳೆಯಿಂದ ಇಡ್ಲಿ ಥಟ್ಟನೆ ಏಳುತ್ತದೆ, ಹಾಳೆ ಕಸದ ಬುಟ್ಟಿಗೆ ಹೋಗುತ್ತದೆ. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಕಡುಬು ಬೇಯಿಸುವವರಿಗೂ ಶ್ರಮ ಕಡಿಮೆಯೇನಲ್ಲ. ಆದರೆ ದಿನಕ್ಕೆ ಸಾವಿರ ಇಡ್ಲಿ ಇಳಿಸುವ ಅಡುಗೆಮನೆಯ ಲೆಕ್ಕವೇ ಬೇರೆ.

ಬೆಂಗಳೂರಿನ ಸಿ.ವಿ. ರಾಮನ್ ನಗರಕ್ಕೆ ಅಂಟಿಕೊಂಡ ಕಗ್ಗದಾಸಪುರದಲ್ಲಿ ಈ ಲೆಕ್ಕ ಇನ್ನಷ್ಟು ಬೆಳೆಯುತ್ತದೆ. ಬಾಗ್ಮನೆ ಟೆಕ್ ಪಾರ್ಕ್‌ಗೆ ಹತ್ತಿರದ ಈ ಪ್ರದೇಶದಲ್ಲಿ ಪಿ.ಜಿ.ಗಳು, ಬಾಡಿಗೆ ಕೋಣೆಗಳು ಹೆಚ್ಚು. ಟಿಫಿನ್ ಸೆಂಟರುಗಳಿಗೆ ಅವೇ ಆಧಾರ. ಇಂಥ ಕಡೆ ತಿಂಡಿ ಒಂದೇ ಬೆಳಗಿನಲ್ಲಿ ಮೂರು ಸಲ ಬಿಸಿಯಾಗಿ ಪ್ಲಾಸ್ಟಿಕ್ ಮುಟ್ಟಬಹುದು: ಹಬೆಯಲ್ಲಿ ಒಮ್ಮೆ, ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ಗಂಟು ಹಾಕಿದಾಗ ಮತ್ತೊಮ್ಮೆ, ಆಫೀಸಿನ ಮೈಕ್ರೊವೇವ್‌ನಲ್ಲಿ ಡಬ್ಬಿ ಸಮೇತ ಇಟ್ಟಾಗ ಇನ್ನೊಮ್ಮೆ. ಸರ್ಕಾರದ ಗಮನ ಬಿದ್ದದ್ದು ಮೊದಲನೆಯದರ ಮೇಲೆ. ಉಳಿದೆರಡನ್ನೂ ಸೇರಿಸಿ ನೋಡದ ಹೊರತು ಅಪಾಯದ ಅಂದಾಜು ಅರ್ಧಕ್ಕೇ ನಿಲ್ಲುತ್ತದೆ.

ಒಂದು ತಪ್ಪುಕಲ್ಪನೆಯನ್ನು ಮೊದಲೇ ಬದಿಗಿಡಬೇಕು. ಇಡ್ಲಿಯ ಹಬೆಯಲ್ಲಿ ಪ್ಲಾಸ್ಟಿಕ್‌ನಿಂದ ಡಯಾಕ್ಸಿನ್ ಹುಟ್ಟುತ್ತದೆ ಎಂಬ ಮಾತು ಬಹಳ ಹಬ್ಬಿದೆ. ಡಯಾಕ್ಸಿನ್ ಹುಟ್ಟುವುದು ಕ್ಲೋರಿನ್ ಇರುವ ವಸ್ತು ಉರಿದಾಗ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಷ್ಟು ಶಾಖಕ್ಕೆ ಪಾಲಿಥೀನ್ ಉರಿಯುವುದಿಲ್ಲ. ಆದರೆ ಮೆತ್ತಗಾಗುತ್ತದೆ. ತೆಳು ಕವರಿನ ಕಡಿಮೆ ಸಾಂದ್ರತೆಯ ಪಾಲಿಥೀನ್ ಕರಗುವುದು 105ರಿಂದ 115 ಡಿಗ್ರಿಯಲ್ಲಿ. ಆ ಗಡಿ ಹತ್ತಿರವಾದಂತೆ ಅದರ ಉದ್ದನೆಯ ಅಣುಸರಪಳಿಗಳು ಸಡಿಲವಾಗುತ್ತವೆ, ತಯಾರಿಕೆಯಲ್ಲಿ ಬೆರೆಸಿದ ಬಣ್ಣ, ಜಾರುಕಾರಕ, ಉತ್ಕರ್ಷಣ ನಿರೋಧಕಗಳಂಥ ಸಣ್ಣ ಅಣುಗಳು ಹೊರಬರುತ್ತವೆ. ಆಹಾರದಲ್ಲಿ ಜಿಡ್ಡಿದ್ದರೆ ಇಂಥ ಅನೇಕ ಅಣುಗಳು ಇನ್ನೂ ಸುಲಭವಾಗಿ ಸೇರಿಕೊಳ್ಳುತ್ತವೆ. ಒಗ್ಗರಣೆಯ ಎಣ್ಣೆ ತೇಲುವ ಸಾಂಬಾರು ಈ ದೃಷ್ಟಿಯಿಂದ ಇಡ್ಲಿಗಿಂತ ಹೆಚ್ಚು ಯೋಚಿಸಬೇಕಾದ ಪದಾರ್ಥ.

ರಾಸಾಯನಿಕಗಳ ಜೊತೆಗೆ ಕಣಗಳೂ ಇವೆ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪೇಪರ್ ಕಪ್‌ನಲ್ಲಿ 85–90 ಡಿಗ್ರಿಯ 100 ಮಿಲಿಲೀಟರ್ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕಿಳಿಯುತ್ತವೆ. ಕಪ್ ಕಾಗದದ್ದಾದರೂ ಅದರ ಒಳಪದರ ಸಾಮಾನ್ಯವಾಗಿ ಪಾಲಿಥೀನಿನದು. ಮೈಕ್ರೊವೇವ್ ಕುರಿತು ಅಮೆರಿಕದ ನೆಬ್ರಾಸ್ಕ–ಲಿಂಕನ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಶಿಶು ಆಹಾರದ ಡಬ್ಬಿಗಳನ್ನು ಪರೀಕ್ಷಿಸಿತು. ಮೂರು ನಿಮಿಷದ ಕಾಯಿಸುವಿಕೆಯಲ್ಲಿ ಕೆಲವು ಡಬ್ಬಿಗಳ ಪ್ರತಿ ಚದರ ಸೆಂಟಿಮೀಟರಿನಿಂದ 42 ಲಕ್ಷದವರೆಗೆ ಸೂಕ್ಷ್ಮ ಕಣಗಳು, 211 ಕೋಟಿವರೆಗೆ ಅತಿಸೂಕ್ಷ್ಮ ಕಣಗಳು ಬಿಡುಗಡೆಯಾದವು. ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಪಿಂಡದ ಕೋಶಗಳಲ್ಲಿ ಮುಕ್ಕಾಲು ಭಾಗ ಇಂಥ ಕಣಗಳಿಂದ ಸತ್ತವು. ಆದರೆ ಅಲ್ಲಿ ಬಳಸಿದ್ದು ಅತ್ಯಧಿಕ ಸಾಂದ್ರತೆ. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಓದುಗರಿಗೆ ಮಾಡುವ ಅನ್ಯಾಯ.

ಇಟಲಿಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಮನುಷ್ಯರದ್ದೇ. ಕುತ್ತಿಗೆಯ ಧಮನಿಯಿಂದ ತೆಗೆದ ಕೊಬ್ಬಿನ ಗಟ್ಟಿಯಲ್ಲಿ, 257 ರೋಗಿಗಳ ಪೈಕಿ 150 ಮಂದಿಯಲ್ಲಿ ಪಾಲಿಥೀನ್ ಪತ್ತೆಯಾಯಿತು. ಸುಮಾರು 34 ತಿಂಗಳ ನಂತರ ನೋಡಿದಾಗ ಪ್ಲಾಸ್ಟಿಕ್ ಕಣಗಳಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಇದು ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ನಿರ್ಲಕ್ಷಿಸುವಂಥದ್ದಲ್ಲ.

ಬಿಸ್ಫೆನಾಲ್–ಎ ವಿಷಯದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಪಾಲಿಕಾರ್ಬೊನೇಟ್ ಪಾತ್ರೆಗಳಲ್ಲಿರುವ ಈ ರಾಸಾಯನಿಕದ ದೈನಂದಿನ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ 20,000 ಪಟ್ಟು ತಗ್ಗಿಸಿ, ದೇಹತೂಕದ ಪ್ರತಿ ಕಿಲೊಗೆ 0.2 ನ್ಯಾನೊಗ್ರಾಮ್‌ಗೆ ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಒಪ್ಪದೆ 200 ನ್ಯಾನೊಗ್ರಾಮ್ ಸೂಚಿಸಿತು. ಸಾವಿರ ಪಟ್ಟಿನ ಈ ಅಂತರದ ನಡುವೆಯೂ ಯುರೋಪ್ ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ಆಹಾರ ಮುಟ್ಟುವ ವಸ್ತುಗಳಲ್ಲಿ ಅದನ್ನು ನಿಷೇಧಿಸಲು ನಿರ್ಧರಿಸಿತು.

ಭಾರತದ ನಿಯಮ ಬೇರೆ ದಾರಿ ಹಿಡಿದಿದೆ. 2018ರ ಪ್ಯಾಕೇಜಿಂಗ್ ನಿಯಮಾವಳಿಯ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ವಸ್ತುಗಳ ಒಟ್ಟು ಪ್ರಮಾಣ ಕಿಲೊಗೆ 60 ಮಿಲಿಗ್ರಾಮ್ ಮೀರಬಾರದು. ಪರೀಕ್ಷೆಯಲ್ಲಿ ಆಹಾರದ ಬದಲಿಗೆ ನೀರು, ಅಸಿಟಿಕ್ ಆಮ್ಲ, ಹೆಪ್ಟೇನ್‌ನಂಥ ದ್ರವಗಳಿರುತ್ತವೆ. ಶಾಖವನ್ನೂ ಅವಧಿಯನ್ನೂ ಉದ್ದೇಶಿತ ಬಳಕೆಗೆ ತಕ್ಕಂತೆ ಆರಿಸಲಾಗುತ್ತದೆ. ತೊಡಕಿರುವುದು ಇಲ್ಲೇ. ತರಕಾರಿ ಒಯ್ಯಲೆಂದು ಮಾಡಿದ ಕವರಿಗೆ ಕುದಿಯುವ ಸಾರು ಬಿದ್ದರೆ ಯಾವ ಪರೀಕ್ಷೆಯ ಫಲಿತಾಂಶವೂ ಅನ್ವಯಿಸುವುದಿಲ್ಲ. ಡಬ್ಬಿಯ ಮೇಲಿನ ‘ಮೈಕ್ರೊವೇವ್ ಸೇಫ್’ ಮುದ್ರೆಯೂ ಮುಖ್ಯವಾಗಿ ಡಬ್ಬಿ ಕರಗದು, ಸೊಟ್ಟಗಾಗದು ಎಂಬ ಭರವಸೆ. ಏನೂ ಆಹಾರಕ್ಕೆ ಇಳಿಯದು ಎಂಬ ಅರ್ಥ ಅದಕ್ಕಿಲ್ಲ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿತ್ತು. ಆ ಆದೇಶ ಹೊರಟದ್ದು ಪರಿಸರ ಸಂರಕ್ಷಣಾ ಕಾಯ್ದೆಯಡಿ, ಚರಂಡಿ, ಕೆರೆಗಳ ಚಿಂತೆಯಿಂದ; ಒಲೆಯ ಬಳಿಯ ಬಳಕೆ ಅದರ ಮುಖ್ಯ ಕಾಳಜಿಯಾಗಿರಲಿಲ್ಲ.

ಹೀಗಾಗಿ ತಪಾಸಣೆ ಇಡ್ಲಿ ಪಾತ್ರೆಯಿಂದ ಪಾರ್ಸಲ್ ಕೌಂಟರಿಗೂ ಬರಬೇಕು. ಮನೆಯಿಂದ ಸ್ಟೀಲ್ ಡಬ್ಬಿ ತರುವವರಿಗೆ ಹೋಟೆಲುಗಳು ಪಾರ್ಸಲ್ ಶುಲ್ಕ ಬಿಡುವುದು ಇಂದೇ ಆಗಬಹುದಾದ ಕೆಲಸ. ಇಡ್ಲಿ ಬಟ್ಟೆ ಒಗೆಯುವ ಕೈಗಳಿಗೆ ಕೂಲಿ ಸೇರಿಸುವುದೂ ಅಷ್ಟೇ ಅಗತ್ಯ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಂಥ ಆಹಾರ ಸಂಶೋಧನಾ ಸಂಸ್ಥೆ ಪೂರ್ವ ಬೆಂಗಳೂರಿನ ಟಿಫಿನ್ ಸೆಂಟರುಗಳಿಂದ ಕವರು, ಡಬ್ಬಿಗಳನ್ನು ಸಂಗ್ರಹಿಸಿ, ಹುಣಸೆಹುಳಿ ಮತ್ತು ಎಣ್ಣೆ ಇರುವ ನಿಜವಾದ ಸಾಂಬಾರನ್ನೇ 90 ಡಿಗ್ರಿಯಲ್ಲಿ ತುಂಬಿ, ಅರ್ಧ ಗಂಟೆಯ ಬಳಿಕ ಅದಕ್ಕಿಳಿದದ್ದನ್ನು ಅಳೆಯಬೇಕು, ಅಂಕಿಗಳನ್ನು ಕನ್ನಡದಲ್ಲಿ ಹೋಟೆಲಿನವರ ಕೈಗೂ ಗಿರಾಕಿಗಳ ಕೈಗೂ ಕೊಡಬೇಕು.