ಮುಟ್ಟು ಎಂಬ ಮಾತು

ಬೆಂಗಳೂರಿನಿಂದ ಮೂಡಣಕ್ಕೆ ಹೊರಟ ಹೆದ್ದಾರಿಯು ಕೋಲಾರವನ್ನೂ ಮುಳಬಾಗಿಲನ್ನೂ ಹಿಂದಿಕ್ಕಿ, ಪಲಮನೇರಿನ ಕಡೆಗೆ ಸಾಗುವುದಕ್ಕೆ ಮುನ್ನ, ಕನ್ನಡನಾಡಿನ ಅಂಚಿನಲ್ಲಿರುವ ನಂಗಲಿಯನ್ನು ಮುಟ್ಟುತ್ತದೆ. ಅಲ್ಲಿ ಕನ್ನಡದಲ್ಲಿ ತೊಡಗಿದ ಮಾತು ತೆಲುಗಿನಲ್ಲಿ ಮುಗಿಯುವುದೂ, ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬರುವುದೂ ಯಾರಿಗೂ ಸೋಜಿಗವೆನಿಸುವುದಿಲ್ಲ. ಎರಡು ನುಡಿಗಳಿಗೂ ಸಮಾನವಾಗಿ ಸೇರಿದ ಶಬ್ದಗಳಲ್ಲಿ ‘ಮುಟ್ಟು’ ಎಂಬುದೂ ಒಂದು. ಸ್ಪರ್ಶವೆಂಬ ಅರ್ಥವೂ, ಹೆಣ್ಣಿನ ಋತುಸ್ರಾವವೆಂಬ ಅರ್ಥವೂ ಗಡಿಯ ಈಚೆಗೂ ಆಚೆಗೂ ಒಂದೇ. ಆ ಎರಡನೆಯ ಅರ್ಥದಲ್ಲಿ ಅದನ್ನು ನುಡಿಯುವಾಗ ದನಿಯನ್ನು ತಗ್ಗಿಸುವ ರೂಢಿಯೂ ಎರಡು ಕಡೆಗಳಲ್ಲಿ ಒಂದೇ.

ಕನ್ನಡದಲ್ಲಿ ಈ ಧಾತುವಿನ ಬಾಳು ಬಹು ವಿಸ್ತಾರವಾದುದು. ಬರೆದ ಕಾಗದ ಮುಟ್ಟುತ್ತದೆ; ಹಣ ಮುಟ್ಟಿತೆಂದು ರುಜು ಹಾಕುತ್ತೇವೆ; ಕತ್ತಲಾಗುವುದರೊಳಗೆ ಊರು ಮುಟ್ಟಬೇಕೆಂದು ಅವಸರಪಡುತ್ತೇವೆ; ಹಿತವಾದ ಮಾತು ಮನ ಮುಟ್ಟುತ್ತದೆ. ತೆರಿಗೆ ಕಟ್ಟದವನ ಸೊತ್ತನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಎಲೆ ಮುದುಡುವ ಗಿಡಕ್ಕೆ ಮುಟ್ಟಿದರೆ ಮುನಿಯೆಂದು ಹೆಸರು. ನಾಮಪದವಾಗಿ ಉಪಕರಣವೆಂಬ ಅರ್ಥವೂ ಇದಕ್ಕುಂಟು: ಉಳುವವನ ಮುಟ್ಟು, ಬಡಗಿಯ ಮುಟ್ಟು ಎಂದು ಹಳಬರು ಹೇಳುತ್ತಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಕಾಲಕ್ಕೇ ಈ ಶಬ್ದ ಇಷ್ಟು ಕವಲುಗಳನ್ನು ಒಡೆದಿತ್ತು. ತಲುಪುವುದು, ಸೇರುವುದು, ಕೈಗೆ ಒದಗುವುದು ಇವೆಲ್ಲ ಸಾಮೀಪ್ಯದ ಭಾವಗಳು. ಹೀಗೆ ಸಾಮೀಪ್ಯವನ್ನೇ ಸಾರುವ ಮಾತು, ಹೆಣ್ಣಿನ ದೇಹದ ವಿಷಯಕ್ಕೆ ಬಂದೊಡನೆ, ದೂರವನ್ನು ವಿಧಿಸುವ ಮಾತಾಯಿತು. ಮುಟ್ಟಾದವಳೆಂದರೆ ಮುಟ್ಟಬಾರದವಳು, ತಾನೂ ಏನನ್ನೂ ಮುಟ್ಟಲಾಗದವಳು ಎಂದಾಯಿತು.

ಈ ಹೆಸರನ್ನೂ ಆಡಲಾರದೆ ಮನೆಗಳಲ್ಲಿ ಮರೆಮಾತುಗಳು ಹುಟ್ಟಿಕೊಂಡವು. ಹೊರಗಾಗಿದ್ದಾಳೆ, ದೂರ ಕೂತಿದ್ದಾಳೆ ಎಂಬಿವು ಹಿರಿಯರ ನಡುವಣ ಮಾತುಗಳು; ಇಂದಿನ ಹುಡುಗಿಯರು ಡೇಟ್ ಎನ್ನುತ್ತಾರೆ, ಪೀರಿಯಡ್ಸ್ ಎನ್ನುತ್ತಾರೆ. ಅಮ್ಮ ಏಕೆ ಬೇರೆ ಕುಳಿತು ಉಣ್ಣುತ್ತಿದ್ದಾಳೆ, ಏಕೆ ತನ್ನನ್ನು ಎತ್ತಿಕೊಳ್ಳುತ್ತಿಲ್ಲ ಎಂದು ಕೇಳುವ ಮಗುವಿಗೆ ಮಾತ್ರ ‘ಕಾಗೆ ಮುಟ್ಟಿದೆ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಶ್ರಾದ್ಧದ ದಿನ ಇದೇ ಕಾಗೆ ಬಂದು ಪಿಂಡವನ್ನು ಮುಟ್ಟಲೆಂದು ಮನೆಯ ಗಂಡಸರು ಬಿಸಿಲಿನಲ್ಲಿ ಕಾದು ನಿಲ್ಲುತ್ತಾರೆ. ಅದು ಮುಟ್ಟಿದರೆ ಪಿತೃಗಳು ತೃಪ್ತರಾದರೆಂದು ನೆಮ್ಮದಿಪಡುತ್ತಾರೆ. ಅಗಲಿದ ತಂದೆಗೆ ತೃಪ್ತಿಯನ್ನು ತರುವ ಹಕ್ಕಿಯ ಸ್ಪರ್ಶವೇ ಬದುಕಿರುವ ತಾಯಿಯನ್ನು ಮೂರು ದಿನ ಮಗುವಿನಿಂದ ಅಗಲಿಸುತ್ತದೆಂಬ ಈ ಕಥೆಯನ್ನು ತಲೆಮಾರುಗಳ ಕಾಲ ಹೇಳಿಕೊಂಡು ಬಂದೆವಲ್ಲ ಎಂದು ಯೋಚಿಸಿದಾಗ ನನಗೆ ವ್ಯಥೆಯಾಗುತ್ತದೆ.

ಈ ಕಟ್ಟಳೆಯನ್ನು ಮನೆಯೊಳಗೆ ಕಾಯುತ್ತ ಬಂದವರು ಬಹುಮಟ್ಟಿಗೆ ಹೆಂಗಸರೇ ಎಂಬುದು ನಿಜ. ಆದರೆ ಅಷ್ಟನ್ನೇ ಹೇಳಿ ಸುಮ್ಮನಾಗುವವರು ಅವರ ಶ್ರದ್ಧೆಯ ಆಳವನ್ನು ಕಂಡವರಲ್ಲ. ಕೋಲಾರದ ಸೀಮೆಯ ಊರಹಬ್ಬಗಳಲ್ಲಿ ಹೆಣ್ಣುಮಕ್ಕಳು ಅಕ್ಕಿಹಿಟ್ಟು ಬೆಲ್ಲಗಳ ತಂಬಿಟ್ಟನ್ನು ನಾದಿ, ದೀಪ ಹಚ್ಚಿ, ಹೂವಿನಿಂದ ಸಿಂಗರಿಸಿದ ಆ ದೀಪಗಳನ್ನು ತಲೆಯ ಮೇಲೆ ಹೊತ್ತು ಅಮ್ಮನ ಗುಡಿಗೆ ನಡೆಯುವುದನ್ನು ನೋಡಬೇಕು. ಉಪವಾಸದಿಂದ ಬಾಡಿದ ಅವರ ಮುಖಗಳಲ್ಲಿ ಇರುವುದು ಬಲಾತ್ಕಾರದ ಭಕ್ತಿಯಲ್ಲ. ಮಗುವಿನ ಜ್ವರ, ಗಂಡನ ಕುಡಿತ, ಮಳೆಯಿಲ್ಲದ ಹೊಲ, ಇವೆಲ್ಲವನ್ನೂ ಹೇಳಿಕೊಳ್ಳುವುದಕ್ಕೆ ಅವರಿಗೆ ದೊರೆತ ಒಬ್ಬ ಆಪ್ತಳ ಕಡೆಗಿನ ನಡಿಗೆ ಅದು. ಆ ಆಪ್ತಳ ಹೊಸಿಲಿನ ಬಳಿ ಅವರು ನಿಲ್ಲಬೇಕು. ಅಷ್ಟುಹೊತ್ತು ಹೊತ್ತು ತಂದುದನ್ನು ಒಳಗೆ ಮುಟ್ಟಿಸುವವನು ಪೂಜಾರಿ. ಆ ದಿನವೇ ಮುಟ್ಟಾದವಳಿಗಂತೂ ಹೊಸಿಲಿನವರೆಗಿನ ದಾರಿಯೂ ಇಲ್ಲ. ನಂಗಲಿಯ ಮೇಲೆ ಹಾದು ತಿರುಪತಿಗೆ ಹೋಗುವ ಬಸ್ಸುಗಳಲ್ಲಿ ಕುಳಿತ ಎಷ್ಟೋ ಮಂದಿ ಹೆಂಗಸರು, ಹೊರಡುವ ಮುನ್ನ ಕ್ಯಾಲೆಂಡರನ್ನು ಎಣಿಸಿ, ಔಷಧದಂಗಡಿಯಿಂದ ದಿನ ಮುಂದಕ್ಕೆ ಹಾಕುವ ಮಾತ್ರೆಯನ್ನು ತರಿಸಿ ನುಂಗಿದವರು. ತಮ್ಮ ಮೈಯ ಸಹಜವಾದ ಗತಿಯನ್ನು ತಡೆದುಕೊಂಡಾದರೂ ದೇವರನ್ನು ಕಾಣಬೇಕೆಂಬ ಆ ಹಂಬಲಕ್ಕೆ ನಾನು ತಲೆಬಾಗುತ್ತೇನೆ. ಅದನ್ನು ಅವರಿಂದ ಬೇಡುವ ವಿಧಿಯನ್ನು ಒಪ್ಪಲಾರೆ.

ಮುಳಬಾಗಿಲು ತಾಲ್ಲೂಕಿನಲ್ಲಿಯೇ ಆವಣಿಯ ಬೆಟ್ಟವಿದೆ. ಪರಿತ್ಯಕ್ತೆಯಾದ ಸೀತೆಗೆ ವಾಲ್ಮೀಕಿಯು ಆಶ್ರಯವಿತ್ತುದು ಅಲ್ಲಿಯೆಂದೂ, ಲವಕುಶರು ಹುಟ್ಟಿದುದು ಅಲ್ಲಿಯೆಂದೂ ಸ್ಥಳದ ಐತಿಹ್ಯ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳ ಸಮೂಹ. ಮೇಲೆ ಸೀತೆಯ ಗುಡಿ. ಮಕ್ಕಳಾಗದ ಹೆಂಗಸರು ಹರಕೆ ಹೊತ್ತು ಆ ಬಂಡೆಗಳನ್ನು ಏರುತ್ತಾರೆ. ಗಂಡನ ಮನೆಯಿಂದ ಹೊರಗಾದ ಬಸುರಿಯೊಬ್ಬಳ ಹೆರಿಗೆಯಿಂದ ಪವಿತ್ರವಾಯಿತೆಂದು ಸುತ್ತಣ ಸೀಮೆ ನಂಬಿರುವ ಬೆಟ್ಟ ಇದು. ಹೀಗಿದ್ದೂ, ಹೆತ್ತವಳಿಗೆ ಪುರುಡು, ಮುಟ್ಟಾದವಳಿಗೆ ಮೈಲಿಗೆ ಎಂಬ ಎಣಿಕೆಯನ್ನು ಆ ಬೆಟ್ಟಕ್ಕೆ ಕೈಮುಗಿಯುವ ಮನೆಗಳೇ ಇಟ್ಟುಕೊಂಡಿವೆ. ಹೆರಿಗೆಯು ನೆಲವನ್ನು ಪಾವನಗೊಳಿಸುವುದಾದರೆ ಹೆತ್ತವಳನ್ನು ಅಶುಚಿಗೊಳಿಸುವುದೆಂತು? ಈ ಪ್ರಶ್ನೆಗೆ ಯಾವ ಶಾಸ್ತ್ರಜ್ಞನಿಂದಲೂ ಸಮರ್ಪಕವಾದ ಉತ್ತರ ಬಂದುದನ್ನು ನಾನು ಕೇಳಿಲ್ಲ.

ಹೆಣ್ಣಿನ ಮೈ ಅಶುಚಿಯೋ ಅಲ್ಲವೋ ಎಂಬ ಈ ವಾದ ಹೊಸತೇನೂ ಅಲ್ಲ; ಹೊಯ್ಸಳರ ಕಾಲಕ್ಕೇ ಅದು ಹಳೆಯದು. ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ ತಲಕಾಡು ಕೊಂಗುನಾಡುಗಳ ಜತೆಗೆ ನಂಗಲಿಯ ಹೆಸರೂ ಸೇರಿದೆ. ಆ ಅರಸನು ವೈಷ್ಣವನಾದನೆಂಬ ಪ್ರತೀತಿಯಿದ್ದರೂ, ಪಟ್ಟದ ರಾಣಿ ಶಾಂತಲೆ ಜಿನಭಕ್ತೆಯಾಗಿಯೇ ಉಳಿದು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಪತಿಯ ದೇವರಿಗಿಂತ ಬೇರೆಯಾದ ದೈವವನ್ನು ಆರಿಸಿಕೊಳ್ಳುವಷ್ಟು ಸ್ವಾತಂತ್ರ್ಯವಿದ್ದ ಆಕೆಗೆ, ಆಕೆ ಆರಿಸಿಕೊಂಡ ದಿಗಂಬರ ಸಂಪ್ರದಾಯವು ಹೆಣ್ಣುಜನ್ಮದಲ್ಲಿ ಮೋಕ್ಷವನ್ನು ಒಪ್ಪುತ್ತಿರಲಿಲ್ಲ. ಅದಕ್ಕೆ ಆಚಾರ್ಯರು ಕೊಟ್ಟ ಕಾರಣಗಳಲ್ಲಿ ಋತುಸ್ರಾವವೂ ಒಂದು. ಆದರೆ ಇದೇ ಕನ್ನಡನಾಡಿನಲ್ಲಿ, ಶಾಂತಲೆಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಯಾಪನೀಯವೆಂಬ ಜೈನ ಸಂಘದ ಶಾಕಟಾಯನನು ಹೆಣ್ಣು ಹೆಣ್ಣಾಗಿಯೇ ಮುಕ್ತಿಯನ್ನು ಮುಟ್ಟಬಲ್ಲಳೆಂದು ಸಾಧಿಸುವ ‘ಸ್ತ್ರೀನಿರ್ವಾಣಪ್ರಕರಣ’ವನ್ನು ರಚಿಸಿದ್ದನು. ಆತನು ವೈಯಾಕರಣನೂ ಆಗಿದ್ದನೆಂಬುದು, ಮಾತಿನ ಬಾಳನ್ನು ಹಿಂಬಾಲಿಸುತ್ತಿರುವ ನನಗೆ, ವಿಶೇಷವಾದ ಸಂತೋಷವನ್ನು ಕೊಡುತ್ತದೆ. ಯಾಪನೀಯರು ಕಾಲಾಂತರದಲ್ಲಿ ಕಣ್ಮರೆಯಾದರು. 12ನೆಯ ಶತಮಾನದ ಶರಣಮಾರ್ಗದಲ್ಲಿ ಹೆಣ್ಣಿನ ಕೊರಳಿಗೂ ಲಿಂಗ ಬಂದಿತು; ಜನನ, ಜಾತಿ, ಪ್ರೇತ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳೂ ಲಿಂಗವಂತರಿಗೆ ಇಲ್ಲವೆಂಬ ನಿಲವು ನಿಂತಿತು. ಮುಟ್ಟಾದವಳ ಅಂಗೈಯೊಳಗೆ ಅವಳ ದೇವರು ಆ ಮೂರು ದಿನವೂ ಇದ್ದಾನೆಂಬುದಕ್ಕಿಂತ ದೊಡ್ಡ ಮಾತನ್ನು ಈ ವಿಷಯದಲ್ಲಿ ಕನ್ನಡ ಆಡಿಲ್ಲ. ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಭೂಮಿತಾಯಿಯೇ ಮೂರು ದಿನ ಮುಟ್ಟಾಗುತ್ತಾಳೆ. ನೆಲಕ್ಕೆ ನೇಗಿಲು ತಾಕಿಸದೆ ಅವಳಿಗೆ ವಿಶ್ರಾಂತಿಯನ್ನೂ ಎಣ್ಣೆಯನ್ನೂ ಕೊಡುತ್ತಾರೆ, ಅವಳನ್ನು ಹೊರಗಿಡುವುದಿಲ್ಲ.

ಮುಟ್ಟೆಂಬ ಮಾತಿನ ಅತ್ಯಂತ ಕ್ರೂರವಾದ ಪ್ರಯೋಗವು ಹೆಣ್ಣಿನೊಡನೆ ಜಾತಿಯನ್ನೂ ಕಟ್ಟುತ್ತದೆ. 2022ರ ಸೆಪ್ಟೆಂಬರಿನಲ್ಲಿ, ಇದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ಗ್ರಾಮದೇವತೆಯ ಉತ್ಸವದ ವೇಳೆ ದಲಿತ ಬಾಲಕನೊಬ್ಬನು ದೇವರ ಕೋಲನ್ನು ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಿ, ಕೊಡದಿದ್ದರೆ ಊರು ಬಿಡಬೇಕೆಂದು ಬೆದರಿಸಲಾಯಿತು. ಆ ಬಾಲಕನ ತಾಯಿ, ತಮ್ಮ ಮುಟ್ಟುವಿಕೆಯನ್ನು ಸಹಿಸದ ದೇವರು ತಮಗೂ ಬೇಡವೆಂದು ಸಾರಿ, ಮನೆಯ ಗೋಡೆಯ ಮೇಲೆ ಬುದ್ಧನ ಮತ್ತು ಅಂಬೇಡ್ಕರರ ಚಿತ್ರಗಳನ್ನು ಇರಿಸಿಕೊಂಡಳು. ಕೂಲಿಯ ದುಡ್ಡಿನಲ್ಲಿ ಹಬ್ಬ ಮಾಡಿ ಹರಕೆ ಸಲ್ಲಿಸಿದ ಹೆಂಗಸೊಬ್ಬಳು ದೇವರನ್ನು ತೊರೆಯುವುದು ಎಷ್ಟು ಭಾರವಾದ ಕಾರ್ಯವೆಂಬುದನ್ನು, ಎಂದೂ ಯಾವ ಗುಡಿಯ ಹೊರಗೂ ನಿಲ್ಲದವರು ಊಹಿಸುವುದು ಕಷ್ಟ. ಭಕ್ತಿಯನ್ನು ಅವಳು ತ್ಯಜಿಸಿದಳೆಂದು ದೂರುವವರುಂಟು. ನನ್ನ ದೃಷ್ಟಿಯಲ್ಲಿ ಅವಳ ಭಕ್ತಿಯನ್ನು ಊರೇ ಮುಟ್ಟುಗೋಲು ಹಾಕಿಕೊಂಡಿತ್ತು. ಅವಳು ಅದನ್ನು ಬಿಡಿಸಿಕೊಂಡು ಬೇರೆಡೆಗೆ ಒಯ್ದಳು.

ಕಾನೂನು ತನ್ನ ಕೆಲಸವನ್ನು ಅಷ್ಟಿಷ್ಟು ಮಾಡಿದೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಅಧಿನಿಯಮವು 2020ರಲ್ಲಿ ಜಾರಿಗೆ ಬಂದು, ಮುಟ್ಟಾದ ಹೆಂಗಸರನ್ನು ಬಲವಂತವಾಗಿ ಪ್ರತ್ಯೇಕವಿರಿಸುವುದನ್ನು ಅಪರಾಧವೆಂದು ಎಣಿಸಿತು. ಆ ಬಳಿಕವೂ, 2023ರಲ್ಲಿ, ತುಮಕೂರಿನ ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಎಳೆಗೂಸು ಮಳೆಯ ಚಳಿಗೆ ತೀರಿಕೊಂಡಿತು. ಅಧಿನಿಯಮದ ಕೈ ಅಡುಗೆಮನೆಯ ಮೂಲೆಯನ್ನೂ ದೇವರ ಕೋಣೆಯ ಹೊಸಿಲನ್ನೂ ಸುಲಭವಾಗಿ ಮುಟ್ಟುವುದಿಲ್ಲ.

ಅಲ್ಲಿಗೆ ಮುಟ್ಟಬಲ್ಲವರು ನೀವು. ಮನೆಯ ಹುಡುಗಿ ಮೊದಲ ಬಾರಿಗೆ ಮುಟ್ಟಾದಳೆಂದರೆ, ತಾಯಂದಿರೇ, ಚಾಪೆಯನ್ನೂ ತಟ್ಟೆಯನ್ನೂ ಬೇರೆ ಮಾಡಬೇಡಿರಿ. ತಂದೆಯರೇ, ವಿಷಯವನ್ನು ಹೆಂಗಸರಿಗೆ ಬಿಟ್ಟು ಎದ್ದು ಹೋಗಬೇಡಿರಿ. ಅವಳ ತಮ್ಮ ಕೇಳಿದರೆ ಕಾಗೆಯ ಕಥೆಯನ್ನು ಹೇಳದೆ, ದನಿ ತಗ್ಗಿಸದೆ, ಇದ್ದುದನ್ನು ಇದ್ದಂತೆ ಹೇಳಿರಿ. ನಿಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವ ಪದ್ಧತಿಯಿದ್ದು, ಅವಳಿಗೂ ಮನಸ್ಸಿದ್ದರೆ, ಆ ಸಂಜೆಯ ದೀಪವನ್ನು ಅವಳ ಕೈಯಿಂದಲೇ ಹಚ್ಚಿಸಿರಿ.